ಉಳಿದ ಐವತ್ತೊಂದು

ವಯೆನಾರ್ ದಾಟಿ ಕಡಲ ಕಡೆಗೆ ಅರ್ಧ ತಾಸು,
ಅದಿರು ಲಾರಿಗಳ ಧೂಳು ಇಳಿದು ಕೂರುವಲ್ಲಿ
ನನ್ನ ಕೆಲಸ ಮರಳು ಸೋಸುವುದು.
ಗೇಣುದ್ದ, ಗೇಣಗಲ, ಹೆಬ್ಬೆರಳಿನಷ್ಟು ಆಳ:
ಅದರೊಳಗೆ ಎಷ್ಟು ಬೀಜ, ಯಾವುದರ ಬೀಜ,
ಜೀವ ಇದೆಯೋ ಇಲ್ಲವೋ.
ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೇನೆ.
ಹೂವಿದ್ದದ್ದು ಮೂರು ವರ್ಷ.

ಜರಡಿ ಹಿಡಿಯಲು ಎದುವಿಹೆಸ್ ಬರುತ್ತಾಳೆ,
ಮೇಲಿನ ಕಣಿವೆಯ ಕಾಂಪಿಯಾಯ್ ಮನೆತನದವಳು,
ಚಳಿಗೆ ಮೇಕೆಗಳ ಜೊತೆ ಕೆಳಗಿಳಿಯುವವಳು.
ನಾನು ಬೀಜವನ್ನು ಬಣ್ಣದ ದ್ರಾವಣದಲ್ಲಿ ಅದ್ದಿ
ಕೆಂಪೇರುತ್ತದೆಯೇ ಎಂದು ಒಂದು ರಾತ್ರಿ ಕಾಯುತ್ತೇನೆ.
ಅವಳು ಮುಂಬಲ್ಲಲ್ಲಿ ಕಚ್ಚಿ, ಉಗಿದು,
"ಜೀವ ಇದೆ" ಎನ್ನುತ್ತಾಳೆ.
"ಇತ್ತು ಅನ್ನು" ಎನ್ನುತ್ತೇನೆ.

ಒಮ್ಮೆ ತಟ್ಟೆಯ ಮರಳಲ್ಲಿ ನೂರು ಬೀಜ ಹರಡಿದೆವು,
ಗ್ವಾನಾಕೊ ಪಾದವೆಂದು ಇವರು ಕರೆಯುವ ನೇರಳೆ ಹೂವಿನದು.
ಒಂದೇ ದಿಬ್ಬದ್ದು, ಒಂದೇ ವರ್ಷದ್ದು,
ಒಂದೇ ತಾಯಿಯವೂ ಅದರಲ್ಲಿ ಇದ್ದಾವು.
ಡಬ್ಬಿಯಿಂದ ಸುಳ್ಳು ಮಳೆ ಸುರಿದೆ.
ಮೂವತ್ತೊಂದು ಎದ್ದವು.
ಒಣಗಲು ಬಿಟ್ಟು ಮತ್ತೆ ಸುರಿದೆ, ಹನ್ನೆರಡು.
ಮತ್ತೆ, ಐದು.
ನಾಲ್ಕನೆಯ ಸಲ ಕೊಡವನ್ನೇ ಬಗ್ಗಿಸಿದರೂ
ಒಂದೂ ಅಲುಗಲಿಲ್ಲ.
ಉಳಿದ ಐವತ್ತೆರಡರಲ್ಲಿ ಒಂದನ್ನೆತ್ತಿ
ಹಲ್ಲಿಗಿಟ್ಟು ನೋಡಿದಳು:
"ಇದೆ. ಬೇಡ ಅನ್ನುತ್ತಿದೆ, ಅಷ್ಟೆ."

ವರದಿಯಲ್ಲಿ ಇದಕ್ಕೊಂದು ಉದ್ದನೆಯ ಹೆಸರು, ಒಂದು ಸೂತ್ರ.
ಬಯಲಲ್ಲಿ ನಡೆದದ್ದು ಇಷ್ಟು.
ಮೊದಲ ಹನಿಯ ಮಾತು ನಂಬಿದವು ಎದ್ದವು,
ಎರಡನೆಯ ಹನಿ ಬಾರದೆ ಸತ್ತವು.
ಅನುಮಾನಿಸಿದವು ಹೆತ್ತವು.
ಹಾಗಂತ ಅನುಮಾನವೊಂದನ್ನೇ ಹೊದ್ದು ಮಲಗಿದವು
ಕತ್ತಲಲ್ಲೇ ಇರುವೆಗೆ ಅಕ್ಕಿಯಾದವು.
ಬರ ಹಿಡಿದ ಜರಡಿಯಲ್ಲಿ
ಎಷ್ಟು ಸಾವಿರ ಸಾವಿರ ವರ್ಷ ಸೋಸಿ ಸೋಸಿ
ಕೊನೆಗೆ ಒಂದೇ ಬಸಿರಲ್ಲಿ
ನಂಬುವ ಮಗಳು, ನಂಬದ ಮಗಳು.

ದುಂಬಿಯೂ ಹಾಗೇ. ರಾಣಿಯಿಲ್ಲದ, ತೊಟ್ಟಿಯಿಲ್ಲದ ಒಂಟಿ ದುಂಬಿ
ಜೇಡಿಮಣ್ಣಿನ ಬಿಲದಲ್ಲಿ ಮುದುಡಿ ವರ್ಷಗಟ್ಟಲೆ.
ಇದು ಎದ್ದಿತೆಂದು ಅದಕ್ಕೆ ಯಾರು ಹೇಳುತ್ತಾರೆ?
ಯಾರೂ ಇಲ್ಲ.
ಒದ್ದೆ ಒಂದೇ, ಕೇಳುವ ಕಿವಿ ಎರಡು.
ಒಂದು ವರ್ಷ ದುಂಬಿ ಒಂಬತ್ತು ದಿನ ತಡವಾಯಿತು.
ದಿಬ್ಬದ ತುಂಬ ನಿಟ್ಟುಸಿರುಗಳು ಬರಿದೇ ಉದುರಿದವು.
ನಿಟ್ಟುಸಿರೆಂದರೆ ಇಲ್ಲಿ ಒಂದು ಹೂವು, ತಿಳಿನೀಲಿ,
ಉಪ್ಪುಪ್ಪಾದ ದಪ್ಪ ಎಲೆ. ನಾನಿಟ್ಟ ಹೆಸರಲ್ಲ.

ಹೂವಿನ ವರ್ಷ ರಾಜಧಾನಿಯಿಂದ ಬಸ್ಸುಗಳು ಬಂದವು.
ಮದುವಣಗಿತ್ತಿಯೊಬ್ಬಳು ಬಿಳಿ ಉಡುಪಲ್ಲೇ
ನೇರಳೆಯ ಮೇಲೆ ಅಂಗಾತ ಬಿದ್ದು ಚಿತ್ರ ತೆಗೆಸಿಕೊಂಡಳು.
ಎದುವಿಹೆಸ್ ಮೇಕೆ ಅಟ್ಟಿಕೊಂಡು ಅಡ್ಡ ಬಂದಳು.
"ನಿನ್ನ ಮೇಕೆಗಳು ಇದನ್ನೇ ತಿನ್ನುತ್ತಿವೆಯಲ್ಲ!" ಕ್ಯಾಮೆರಾದವನು.
"ತಿನ್ನುತ್ತವೆ. ಹಿಕ್ಕೆಯಲ್ಲಿ ಒಂದಿಷ್ಟು ವಾಪಸು ಕೊಡುತ್ತವೆ.
ನೀನು?"

ಅವನ ಜೀಪಿನ ಎರಡು ಗೆರೆ ಇನ್ನೂ ಮಾಸಿಲ್ಲ.
ಕೆಳಗೆ, ಮೊಣಕೈಯಾಳದಲ್ಲಿ, ಅನ್ಯಾನ್ಯೂಕದ ಗೆಡ್ಡೆ
ಬದುಕಿರಬಹುದು. ಅಗೆದು ನೋಡಿದರೆ ಖಂಡಿತ ಸಾಯುತ್ತದೆ.

ಈ ಸಲ ಏನೂ ಇಲ್ಲ.
ಕಮಂಚಾಕದ ಮಂಜು ಕಡಲಿಂದೆದ್ದು
ಜರಡಿಯ ತಂತಿ ಒದ್ದೆ ಮಾಡಿ ಹೋಗುತ್ತದೆ.
ತಟ್ಟೆ ಮಾತ್ರ ಕಿಟಕಿಯಲ್ಲೇ ಇದೆ, ಎಸೆಯಲು ಕೈ ಬರಲಿಲ್ಲ.
ಇವತ್ತು ಎದುವಿಹೆಸ್ ಚಹಾ ಲೋಟ ಕುಲುಕಿದ ನೀರನ್ನು
ಬೇಕಂತಲೇ ಅದರ ಮೇಲೆ ಚೆಲ್ಲಿದಳು.
ಲೆಕ್ಕ ಕೆಡುತ್ತದೆ ಎಂದು ರೇಗಿದೆ.
"ಮಳೆ ನಿನ್ನ ಕೇಳಿಕೊಂಡು ಬರುತ್ತದೋ?"

ಬರೆದುಕೊಂಡೆ:
ಐದನೆಯ ಮಳೆ. ಬಣ್ಣ ಕಂದು, ಸ್ವಲ್ಪ ಸಿಹಿ.
ಪ್ರಮಾಣ ಗೊತ್ತಿಲ್ಲ.