ಬೀ*

ಮೂರನೇ ಸಲ ಬಂದಿದ್ದಾರೆ ಉಪ್ಪಳ್ಳಿಯಿಂದ.
ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಕವರು,
ಅದರೊಳಗೆ ಹಿತ್ತಾಳೆ ಟೋಕನ್ನು, ನಂಬರು ಸವೆದದ್ದು.
ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಹತ್ತೊಂಬತ್ತು ವರ್ಷ ಕಾಫಿಬೀಜ ಆರಿಸಿದ್ದಕ್ಕೆ
ಅದೊಂದೇ ಸಾಕ್ಷಿ.
‘ಹೆಸರು?’ ಮತ್ತೆ ಕೇಳುತ್ತೇನೆ, ಗೊತ್ತಿದ್ದೂ.
‘ಬೀಪಾತುಮ್ಮ.’

ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಹುಡುಕಿದರೆ
ಸೊನ್ನೆ.
ಆ ಎರಡು ಜೊತೆ ಕೊಕ್ಕೆ ಬಹಳ ಮಡಿ,
ಹೀಗೇ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.
ಹಾಜರಿ ಬರೆದವರೋ ಮೂವರು ಮೇಸ್ತ್ರಿಗಳು:
ತರೀಕೆರೆಯವ ಕಿವಿಗೆ ಬಿದ್ದಷ್ಟು ಬರೆದ,
ಇನ್ನೊಬ್ಬ ಫಾತಿಮಾ ಎಂದು ತಿದ್ದಿದ,
ಮತ್ತೊಬ್ಬನಿಗೆ ಮಹಾಪ್ರಾಣವೇ ಬಾರದು.

ನಡುವೆ ‘ಅಥವಾ’ ಹಾಕಿದೆ. ಬೀಫಾತಿಮಾ ಅಥವಾ ಬಿಪಾತಿಮ
ಅಥವಾ ಬೀಪಾತು.
ಪ್ರಶ್ನೆಚಿಹ್ನೆ ಹಾಕಿದೆ. ಅದು ಒಂದೇ ಮಣೆ,
ಒಬ್ಬರಿಗಷ್ಟೇ ಜಾಗ. ನಮ್ಮ ಅಕ್ಷರವೋ
ಗುಡಿಸು, ಕೊಂಬು, ಒತ್ತು ಎಂದು
ಸಂಸಾರ ಸಮೇತ ಊಟಕ್ಕೆ ಬರುತ್ತದೆ;
ಯಂತ್ರ ತಲೆ ಎಣಿಸುತ್ತದೆ.
ಕೊನೆಗೆ ‘ಬೀ’ ಬರೆದು ಬೆನ್ನಿಗೊಂದು ನಕ್ಷತ್ರ.
ಅದಕ್ಕೆ ದಾಕ್ಷಿಣ್ಯ ಜಾಸ್ತಿ. ಯಾರು ಬಂದರೂ ಬನ್ನಿ:
ಬೀಬಿಜಾನ್, ಬೀರಮ್ಮ, ಹದಿನಾಲ್ಕು ಬೀಫಾತಿಮಾ,
ಒಬ್ಬ ಬೀರೇಗೌಡ,
ಸ್ಟೋರಿನ ಪಟ್ಟಿಯಿಂದ ತಪ್ಪಿಸಿಕೊಂಡು ಬಂದ
ಬೀಗ, ಮೂರು.
ಇವರಿಲ್ಲ.

‘ಜರಡಿ ಹಾಕ್ತಿದ್ದಿರಲ್ಲ, ಹೇಗೆ?’ ಸುಮ್ಮನೆ ಕೇಳಿದೆ,
ಪರದೆಯಿಂದ ಕಣ್ಣು ತೆಗೆಯಲೊಂದು ನೆಪ.
‘ಜರಡಿ ಮೆಷಿನ್ನಿಂದು. ದಪ್ಪದ್ದು ಎ, ಆಮೇಲೆ ಬಿ,
ದುಂಡಗಿದ್ದರೆ ಪೀಬೆರಿ. ಕಪ್ಪು, ಒಡಕು ನಮ್ಮ ಕೈಗೆ.’
‘ಅದನ್ನ ಎಸೀತಿದ್ದಿರಾ?’
‘ಎಸೆಯೋದೆಲ್ಲಿಗೆ ಮಗಳೇ? ಬೇರೆ ಮೂಟೆ.
ಅದಕ್ಕೂ ತೂಕ ಉಂಟಲ್ಲ.’

ಆಗ ಕಂಡಿತು, ಪೆಟ್ಟಿಗೆಯ ಬಲತುದಿಯಲ್ಲಿ
ಇರುವೆ ಕಾಲಿನಷ್ಟು ಗೆರೆ:
ಕಳೆಯುವ ಚಿಹ್ನೆ, ಅದಕ್ಕಂಟಿ ‘ಮೃತ’.
ಪಟ್ಟಿ ಹಗುರಾಗಲಿ ಎಂದು
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಧರಣೇಂದ್ರಯ್ಯ
ಕಟ್ಟಿಟ್ಟು ಹೋದ ಜರಡಿ.
ಅಳಿಸಿದೆ.

ಬಂತು. ‘ಬೀ. ಪಾತುಮ.’ ನಡುವೆ ಒಂದು ಚುಕ್ಕಿ,
ಬೀ ಅನ್ನು ಇನಿಷಿಯಲ್ ಮಾಡಿ.
ಟೋಕನ್ 417. ಆರಿಸುವ ವಿಭಾಗ.
ಮೃತ, 1998.

ಪರದೆ ತಿರುಗಿಸಿ ತೋರಿಸಲೋ ಬೇಡವೋ.
ತೋರಿಸಿದೆ. ಓದಲು ಬಾರದು, ಓದಿ ಹೇಳಿದೆ.
ನಕ್ಕರು. ಸೆರಗಿನಲ್ಲಿ ಟೋಕನ್ನು ಉಜ್ಜುತ್ತಾ
‘ಆ ವರ್ಷ ಸೊಂಟ ಬಿದ್ದು ಕೆಲಸ ಬಿಟ್ಟೆ’ ಅಂದರು,
ಇದ್ದದ್ದು ಅಷ್ಟೇ ಎಂಬಂತೆ.

ತಿದ್ದುಪಡಿ ಅರ್ಜಿಗೆ ಎರಡು ಫೋಟೋ, ಬದುಕಿರುವ ಪತ್ರ.
ಬರೆದುಕೊಂಡೆ. ಅವರು ಏಳಲಿಲ್ಲ.
‘ಇನ್ನೊಬ್ಬಳಿದ್ದಳು, ನನ್ನ ಎಡಕ್ಕೆ ಕೂರೋಳು.
ಹಲ್ಲಿನ ಮಧ್ಯೆ ಸಂದಿ. ಕಳಸದ ಕಡೆಯವಳು.
ಹೆಸರು... ನಾಲಿಗೆ ಮೇಲೇ ಉಂಟು.’
‘ಯಾವ ಅಕ್ಷರದಿಂದ?’
‘ಅದೇ ಗೊತ್ತಿಲ್ಲ.’

ಎಲ್ಲ ಅಳಿಸಿ ಬರೀ ನಕ್ಷತ್ರ ಒತ್ತಿದೆ.
ನಾಲ್ಕು ಸಾವಿರದ ನೂರಾ ಹನ್ನೆರಡು.
ಇಷ್ಟುಂಟು ಅಂದೆ.
ಬೀಪಾತುಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡು,
‘ಹ್ಞೂಂ, ಓದು.’