ನೀಲಿ ಬುಡ

ಗರಗಸ ಮುಂದೆ, ನಾನು ಹಿಂದೆ.
ನೊಖ್ವೇಜಿ ಉರುಳಿಸಿದ ಪ್ರತಿ ಮರದ ಬುಡಕ್ಕೂ
ಹತ್ತು ನಿಮಿಷದೊಳಗೆ ನೀಲಿ ಮದ್ದು ಬಳಿಯಬೇಕು.
ತಡವಾದರೆ ಗಾಯ ತಾನೇ ಬಾಯಿ ಮುಚ್ಚಿಕೊಂಡು
ಸುತ್ತ ಹನ್ನೆರಡು ಚಿಗುರು ಉಗುಳುತ್ತದೆ.

ಕರಿ ಜಾಲಿ ಇದು. ಕರೆಯದೆ ಬಂದದ್ದಲ್ಲ;
ತೊಗಟೆಯಲ್ಲಿ ತೊಗಲು ಹದಮಾಡುವ ಒಗರಿದೆಯೆಂದು
ಯಾರೋ ಹಡಗಿನಲ್ಲಿ ಕರೆಸಿಕೊಂಡದ್ದು.
ಬಂದ ನೆಂಟ ಹೊಳೆಯಂಚಿಗೇ ಚಾಪೆ ಹಾಸಿದ,
ಕುಡಿದ, ಕುಡಿದ,
ಮಟಾಟಿಯೆಲೆಯ ಹುಲ್ಲುಗುಡ್ಡಕ್ಕೆ ತನ್ನ ನೆರಳು ಹೊದಿಸಿದ.
ದನಗಳು ಈಗ ಆ ಕಡೆ ಮೂತಿಯನ್ನೂ ತಿರುಗಿಸುವುದಿಲ್ಲ.

ಮುದುಕಿ ಮಾಲಿನೇಯೊ ದಾರಿಗೆ ಅಡ್ಡ ನಿಂತಳು:
"ನನ್ನ ಸೂರಿನ ಗಳು ಇದೇ, ಕುರಿದೊಡ್ಡಿಯ ಬೇಲಿ ಇದೇ,
ಗಂಡ ಸತ್ತಾಗ ಬಂದವರಿಗೆಲ್ಲ ಮೂರು ದಿನ
ಮೆಕ್ಕೆಜೋಳ ಬೇಯಿಸಿದ್ದು ಇದೇ ಸೌದೆ.
ಗುಡ್ಡ ಬೋಳಿಸಿ ಹೋಗುತ್ತೀರಿ,
ನನ್ನ ಒಲೆಗೆ ಏನು ಬಳಿಯುತ್ತೀರಿ?"
ನೊಖ್ವೇಜಿ ಗರಗಸ ಆರಿಸಿದಳು. ಮಾತಾಡಲಿಲ್ಲ.
ದಪ್ಪ ದಿಮ್ಮಿಗಳನ್ನು ಆಯ್ದು
ಅವಳ ಅಂಗಳದವರೆಗೆ ಹೊರಳಿಸಿಕೊಂಡು ಹೋದೆವು.
ಆ ದಿನ ಲೆಕ್ಕಕ್ಕೆ ಅರ್ಧ ಹೆಕ್ಟೇರು ಕಡಿಮೆ ಬಿತ್ತು.

ಮೇಸ್ತ್ರಿ ಮ್ಜಿಮಾಸಿ ಮಣ್ಣು ಬಗೆದು ತೋರಿಸುತ್ತಾನೆ:
ಎಳ್ಳಿಗಿಂತ ದಪ್ಪ, ಕಡಲೆಗಿಂತ ಸಣ್ಣ, ಕಪ್ಪು, ನುಣುಪು.
ಐವತ್ತು ವರ್ಷ ಹೀಗೇ ಮಲಗಿರಬಲ್ಲದು,
ಬೆಂಕಿ ಬಿದ್ದರೆ ಅದಕ್ಕೆ ಅದೇ ಕೋಳಿಕೂಗು.
ಹಾಗಾಗಿ ಬರುವ ವರ್ಷ ಮತ್ತೆ, ಅದರ ಮರುವರ್ಷ ಮತ್ತೆ,
ಮೊಣಕಾಲೆತ್ತರದ ಸಸಿಗಳನ್ನು ಕೈಯಲ್ಲೇ ಕೀಳಬೇಕು,
ಹಣ ಬಂದರೆ.
ಹೋದ ಸಲ ಎರಡು ಮಳೆಗಾಲ ಹಣ ಬರಲಿಲ್ಲ.
ಹಿಂತಿರುಗಿ ನೋಡಿದರೆ, ಕಡಿದದ್ದಕ್ಕಿಂತ ಒತ್ತಾಗಿ ಎದ್ದಿತ್ತು,
ನಮ್ಮ ಮಾಸಿದ ನೀಲಿಯ ನಡುನಡುವೆಯೇ.

ನಿಜ ಹೇಳಲೇ? ಇದು ಪೂರ್ತಿ ಸತ್ತ ದಿನ
ನನ್ನ ಕೂಲಿಯೂ ಸಾಯುತ್ತದೆ.
ಮಗಳ ಕಾಲಿನ ಶಾಲೆಯ ಬೂಟು ಈ ಜಾಲಿ ಕೊಡಿಸಿದ್ದು.
ಆದರೂ ಒಂದು ಬುಡವನ್ನೂ ಬಿಟ್ಟವಳಲ್ಲ ನಾನು.
ಒಂದನ್ನು ಬಿಟ್ಟಿದ್ದೇನೆ.
ಎಲ್ಲಿ ಎಂದು ಕೇಳಬೇಡಿ.

ಇವತ್ತು ಸಂಜೆ ಇಳಿದು ಬರುವಾಗ,
ಕಳೆದ ವರ್ಷ ಬರೀ ಒಣಗಿದ ಪಾಚಿಯಿದ್ದ ಬಂಡೆಯ ಸಂದಿಯಲ್ಲಿ
ಬೆರಳಗಲದ ನೀರು. ಹರಿಯುತ್ತಿತ್ತು.
ಹೊಳೆ ಅನ್ನುವಷ್ಟಿಲ್ಲ; ಇಲ್ಲ ಅನ್ನುವಂತೆಯೂ ಇಲ್ಲ.
ನೊಖ್ವೇಜಿ ಕಿವಿಯ ಮುಚ್ಚಳ ಕಿತ್ತು
ಕೆನ್ನೆ ಬಂಡೆಗೆ ತಾಗುವಷ್ಟು ಬಗ್ಗಿ ಕೇಳಿದಳು.
"ಮುಟ್ಟಿ ನೋಡು," ಎಂದಳು.

ಕೈ ಚಾಚಿದೆ. ಹಿಂದಕ್ಕೆಳೆದುಕೊಂಡೆ.
ಕೈಗವಸು ಹರಿದು ತಿಂಗಳಾಯಿತು,
ಉಗುರ ಸಂದಿಯಲ್ಲೆಲ್ಲ ನೀಲಿಯಿತ್ತು.