ಹಾಜರಿ

ತಿತಿಮತಿಯಿಂದ ಒಳಗೆ, ಎರಡು ತೋಡು ದಾಟಿದರೆ ನಮ್ಮ ಲೈನು.
ಹನ್ನೊಂದು ಬಾಗಿಲು, ಒಂದೇ ಸೂರು,
ಹನ್ನೊಂದು ಕಿಟಕಿ.
ಕಿಟಕಿ ಆಮೇಲೆ ಬಂದದ್ದು, ಅನ್ನುತ್ತಿದ್ದಳು ಅಜ್ಜಿ ಪಾಲಿ,
ಜಮಾದಾರ್ ಬೆಳ್ಯಪ್ಪ ಯುದ್ಧದಿಂದ ತಿರುಗಿ ಬಂದ ವರ್ಷ.

ಮರಳುಗಾಡಿನಲ್ಲಿ ಸೆರೆ ಸಿಕ್ಕರಂತೆ.
ಹಡಗು, ರೈಲು, ಮತ್ತೆ ರೈಲು,
ಕೊನೆಗೆ ಫ್ರಾನ್ಸಿನ ಒಂದು ಪುಟ್ಟ ಊರು.
ಹೆಸರು ಹೇಳಹೋದರೆ ಅರ್ಧ ಮೂಗಿನಲ್ಲೇ ಉಳಿಯುತ್ತಿತ್ತಂತೆ.
ಒಂದು ಇಗರ್ಜಿ, ಒಂದು ಬಾವಿ, ರೊಟ್ಟಿ ಸುಡುವ ವಾಸನೆ.
ಊರ ತುದಿಗೆ ಮುಳ್ಳುತಂತಿ, ಅದರೊಳಗೆ
ಹಲಗೆಯ ಉದ್ದುದ್ದ ಮನೆಗಳು,
ಒಂದೇ ಸೂರು.

ಐನ್‌ಮನೆಯ ಜಗಲಿಯಲ್ಲಿ ಯಾರಿಗೂ ಹೇಳಲಿಲ್ಲ ಇದನ್ನು.
ನನ್ನಜ್ಜ ಬೊಳಕನಿಗೆ ಹೇಳಿದರು, ಗದ್ದೆಗೆ ಬರುವ ಹಂದಿ ಕಾಯುತ್ತ,
ಅಟ್ಟಣೆಯ ಮೇಲೆ, ಮೊದಲ ಸಲ ಒಂದೇ ಬಾಟಲಿಯಿಂದ ಕುಡಿದು.

ಬೆಳಿಗ್ಗೆ ಐದೈದರ ಸಾಲು. ಎಣಿಕೆ.
ಹಿಮದಲ್ಲಿ ಎಣಿಕೆ.
ರಾತ್ರಿ ಸತ್ತವನನ್ನೂ ನಡುವೆ ಆನಿಸಿ ನಿಲ್ಲಿಸಿ ಎಣಿಕೆ,
ಅವನ ರೊಟ್ಟಿ ಉಳಿದವರ ಕೈತಪ್ಪದಿರಲೆಂದು.
ಒಬ್ಬ ಹುಡುಗಿ ದಿನವೂ ತಂತಿಗುಂಟ
ಆಡು ಹೊಡೆದುಕೊಂಡು ಹೋಗುವಳು.
ಆಡು ನೋಡುತ್ತಿತ್ತು. ಅವಳು ನೋಡುತ್ತಿರಲಿಲ್ಲ.
"ಅವಳ ಮೇಲೆ ಸಿಟ್ಟಿಲ್ಲ ಬೊಳಕಾ," ಅಂದರಂತೆ,
"ನಾನೂ ಹಾಗೇ ಬೆಳೆದವನು."

ಅಜ್ಜನಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು.
ಅಜ್ಜಿ ಎರಡೂ ರೀತಿ ಹೇಳುತ್ತಿದ್ದಳು.

ಮರುದಿನ ರೈಲುಹಳಿಯ ತುಂಡಿಗೆ ಸುತ್ತಿಗೆ ಬಿತ್ತು.
ಕಾಫಿ ಕಣದಲ್ಲಿ ನಮ್ಮವರು ಸಾಲಾಗಿ ನಿಂತರು.
ರೈಟರ್ ಚಾತುಕುಟ್ಟಿ ಬೆರಳು ನೆಕ್ಕಿ ಪುಸ್ತಕ ಬಿಡಿಸಿ
ಒಂದು, ಎರಡು, ಎಂದು ಬರುತ್ತಿರುವಾಗ
ಜಮಾದಾರರು ಮೆಟ್ಟಿಲಿಳಿದು ಬಂದು
ಸಾಲಿನ ಕೊನೆಗೆ ನಿಂತುಬಿಟ್ಟರು.
ಕೈಯಲ್ಲಿ ಟೋಪಿ. ಬರಿಗಾಲು.
ಮೂವತ್ತೇಳು ಅನ್ನುವುದು ರೈಟರನ ಗಂಟಲಲ್ಲಿ ಅಂಟಿಕೊಂಡಿತು.
ಯಾರೂ ನಗಲಿಲ್ಲ. ಎಲ್ಲೋ ಒಂದು ಕೋಳಿ ಕೂಗುತ್ತಲೇ ಇತ್ತು.

ಆ ವಾರವೇ ಗೋಡೆ ಕೊರೆಸಿ ಕಿಟಕಿ ಇಡಿಸಿದರು.
ಬಾಗಿಲ ಹೊರಗಿನ ಚಿಲಕ ಕೀಳಿಸಿದರು.
ಲೈನು ಕೀಳಿಸಲಿಲ್ಲ.
ಸಾಲದ ಪುಸ್ತಕ ಸುಟ್ಟರೆಂದು ಹೇಳುವವರಿದ್ದಾರೆ;
ಅಜ್ಜಿ ಸಾಯುವವರೆಗೂ ತೀರಿಸುತ್ತಲೇ ಇದ್ದದ್ದು
ಯಾವ ಸಾಲವೋ ನನಗೆ ಗೊತ್ತಿಲ್ಲ.

ಈಗ ರಸ್ತೆಗೆ ಡಾಂಬರು ಬಂದಿದೆ.
ಹೋಂಸ್ಟೇಗೆ ಹೋಗುವ ಜೀಪುಗಳು
ನಮ್ಮ ಬಾಗಿಲ ಮುಂದೆಯೇ, ಗಾಜು ಏರಿಸಿಕೊಂಡು.
ನಾನು ಕಿಟಕಿಯಲ್ಲಿ ನಿಂತಿರುತ್ತೇನೆ.
ಒಂದು ಮೊಳ ಅಗಲದ್ದು,
ಯಾವುದೋ ಹಿಮದಲ್ಲಿ ಅಳತೆ ತೆಗೆದ ಕಿಟಕಿ.
ನಿನ್ನೆ ಒಂದು ಜೀಪಿನ ಹಿಂದಿನ ಸೀಟಿನಿಂದ
ನಾಯಿಯೊಂದು ತಲೆ ಹೊರಗೆ ಹಾಕಿ
ತಿರುವಿನವರೆಗೂ
ನನ್ನನ್ನೇ ನೋಡುತ್ತ ಹೋಯಿತು.